ಸೌಕಾರ್‌ಪೇಟೆಯ ಓಣಿಗಳಲ್ಲಿ ಸಂಗೀತ ಹುಡುಕುತ್ತಾ

ಚೆನ್ನೈನಲ್ಲಿ ಡಿಸೆಂಬರ್ ಬಂತೆಂದರೆ ಸಂಗೀತದ ಹಬ್ಬ. ಮೈಲಾಪುರ, ಟಿ. ನಗರದ ಸಭಾಗಳು, ಮಧ್ಯಾಹ್ನದ ಕಚೇರಿಗಳು, ಕ್ಯಾಂಟೀನಿನ ಬಾಳೆಎಲೆ ಊಟ, ಇವೆಲ್ಲ ನಮ್ಮಲ್ಲಿ ಅನೇಕರಿಗೆ ಗೊತ್ತಿದ್ದದ್ದೇ. ಕಳೆದ ಸಲ ಮಾತ್ರ ನಾವು ನಾಲ್ವರು ಗೆಳತಿಯರು ಒಂದು ಭಾನುವಾರ ಕಚೇರಿಗಳನ್ನೆಲ್ಲ ಬಿಟ್ಟು ಸೌಕಾರ್‌ಪೇಟೆಗೆ ಹೊರಟೆವು. "ಸೀರೆ ತರೋದಕ್ಕೆ ತಾನೇ?" ಎಂದು ಮನೆಯಲ್ಲಿ ನಕ್ಕರು. ಅಲ್ಲ, ಈ ಊರಿನ ಸಂಗೀತ ಹಿಂದೆ ಎಲ್ಲಿತ್ತು ಎಂದು ನೋಡಿ ಬರುವುದಕ್ಕೆ.

ಇದಕ್ಕೊಂದು ಕಾರಣವೂ ಇತ್ತು. ಅದಕ್ಕೂ ಹಿಂದಿನ ಜನವರಿಯಲ್ಲಿ ನಮ್ಮ ಸಂಘದ ತ್ಯಾಗರಾಜ ಆರಾಧನೆಯ ನಿರೂಪಣೆ ನನ್ನದಾಗಿತ್ತು. ಬೆಂಗಳೂರು ನಾಗರತ್ನಮ್ಮನವರ ಬಗ್ಗೆ ನಾಲ್ಕು ಸಾಲು ಬರೆದುಕೊಂಡಿದ್ದೆ. ವೇದಿಕೆ ಹತ್ತುವ ಮುಂಚೆ ಆ ಹಾಳೆಯಿಂದ ಒಂದು ಪದವನ್ನು ಪೆನ್ನಿನಿಂದ ಹೊಡೆದುಹಾಕಿದೆ: 'ದೇವದಾಸಿ'. ಮುಂದಿನ ಸಾಲಿನಲ್ಲಿ ಮಕ್ಕಳಿದ್ದರು, ಯಾರಾದರೂ ಏನಾದರೂ ಅಂದುಕೊಂಡಾರು ಎಂಬ ಅಳುಕು. ಯಾರೂ ಏನೂ ಕೇಳಲಿಲ್ಲ. ಆದರೆ ಆ ಗೀಟು ನನ್ನನ್ನು ವರ್ಷವಿಡೀ ಕಾಡಿತು.

ಸೆಂಟ್ರಲ್ ಮೆಟ್ರೋದಲ್ಲಿ ಇಳಿದು ಮೊದಲು ಪಾರ್ಕ್‌ಟೌನಿನ ಕಂದಕೋಟ್ಟಂ ದೇವಸ್ಥಾನಕ್ಕೆ ಹೋದೆವು. ವಳ್ಳಲಾರ್ ಎಂದು ತಮಿಳರು ಕರೆಯುವ ರಾಮಲಿಂಗ ಸ್ವಾಮಿಗಳು (1823–1874) ಈ ಸುತ್ತಲಿನ ಓಣಿಗಳಲ್ಲೇ ಬೆಳೆದವರು. ಹುಡುಗನಾಗಿದ್ದಾಗಲೇ ಈ ಮುರುಗನ ಮುಂದೆ ನಿಂತು ಹಾಡು ಕಟ್ಟಿ ಹಾಡಿದವರು. ಅಲ್ಲಿಂದ ಮಿಂಟ್ ಸ್ಟ್ರೀಟ್. ತಮಿಳಿನಲ್ಲಿ ತಂಗಸಾಲೈ, ಅಂದರೆ ನಮ್ಮ ಟಂಕಸಾಲೆಯೇ. ಈಸ್ಟ್ ಇಂಡಿಯಾ ಕಂಪನಿಯ ಟಂಕಸಾಲೆ 1840ರ ದಶಕದಲ್ಲಿ ಈ ಬೀದಿಯ ಉತ್ತರ ತುದಿಗೆ ಬಂದದ್ದರಿಂದ ಆ ಹೆಸರು. ಗುಜರಾತಿ, ಮಾರವಾಡಿ ಸಾಹುಕಾರರು ನೆಲೆಸಿದ್ದರಿಂದ ಪೇಟೆಗೆ ಸೌಕಾರ್‌ಪೇಟೆ ಎಂದಾಯಿತು. ಈಗಲೂ ಅಂಗಡಿಗಳ ಮುಂದೆ ಹಿಂದಿಯೇ ಕಿವಿಗೆ ಬೀಳುತ್ತದೆ. ಬಿಸಿ ಜಿಲೇಬಿ ತಿನ್ನುತ್ತಾ, ಗೂಡ್ಸ್ ಆಟೋಗಳಿಗೆ ದಾರಿ ಬಿಡುತ್ತಾ ನಡೆದೆವು.

ಇಲ್ಲಿ ಸಂಗೀತ ಎಲ್ಲಿಂದ ಬಂತು? ಕೋಟೆಯ ಉತ್ತರಕ್ಕಿರುವ ಈ ಜಾರ್ಜ್‌ಟೌನೇ ಒಂದು ಕಾಲದ ಮದರಾಸು. ಕಂಪನಿಯ ವ್ಯಾಪಾರದಲ್ಲಿ ದುಡ್ಡು ಮಾಡಿದ ದುಭಾಷಿಗಳು, ವರ್ತಕರು ಇಲ್ಲಿದ್ದರು. ರಾಜರ ಆಸ್ಥಾನಗಳು ಸೊರಗಿದಾಗ ವಿದ್ವಾಂಸರಿಗೆ ಆಸರೆಯಾದದ್ದು ಈ ಮನೆಗಳ ಜಗಲಿ, ಮದುವೆ ಚಪ್ಪರ. ಹತ್ತಿರದ ಬಂದರ್ ಬೀದಿಯಲ್ಲಿ ಕೋವೂರು ಸುಂದರ ಮುದಲಿಯಾರರ ಮನೆಯಿತ್ತು. ತ್ಯಾಗರಾಜರು ತಿರುಪತಿ ಯಾತ್ರೆಯ ಹೊತ್ತಿನಲ್ಲಿ ಅಲ್ಲಿ ಅತಿಥಿಯಾಗಿದ್ದರು. ಮುದಲಿಯಾರರ ಊರಾದ ಕೋವೂರಿನ ದೇವರ ಮೇಲೆ ಅವರು ರಚಿಸಿದ್ದೇ ಕೋವೂರು ಪಂಚರತ್ನ. ಅವರ ಶಿಷ್ಯ ವೀಣೆ ಕುಪ್ಪಯ್ಯರ್ ಇದ್ದದ್ದು ಪಕ್ಕದ ಮುತ್ಯಾಲ್‌ಪೇಟೆಯಲ್ಲಿ.

ಇನ್ನು ಹೆಂಗಸರು. ವೀಣೆ ಧನಮ್ಮಾಳ್ (1867–1938) ಹುಟ್ಟಿದ್ದು ಜಾರ್ಜ್‌ಟೌನಿನಲ್ಲೇ. ಪ್ರತಿ ಶುಕ್ರವಾರ ಸಂಜೆ ಅವರ ಮನೆಯ ವೀಣಾವಾದನ ಕೇಳಲು ದೊಡ್ಡ ದೊಡ್ಡ ವಿದ್ವಾಂಸರೇ ಬಂದು ಉಸಿರು ಬಿಗಿಹಿಡಿದು ಕೂರುತ್ತಿದ್ದರಂತೆ. ನಾಟ್ಯದ ಬಾಲಸರಸ್ವತಿ, ಸಂಗೀತದ ಬೃಂದಾ–ಮುಕ್ತಾ ಸೋದರಿಯರು ಈ ಅಜ್ಜಿಯ ಮೊಮ್ಮಕ್ಕಳು. ಆಗ ಮದರಾಸಿನಲ್ಲಿ ಹೆಸರಾಗಿದ್ದ ಕೊಯಮತ್ತೂರು ತಾಯಿಯ ಗ್ರಾಮಫೋನ್ ತಟ್ಟೆ ಕೇಳಿ ಮರುಳಾದ ಫ್ರಾನ್ಸಿನ ಮೊರಿಸ್ ದೆಲಾಜ್ 'ರಾಗಮಾಲಿಕ' ಎಂಬ ಗಾಯನ–ಪಿಯಾನೋ ಕೃತಿಯನ್ನೇ ರಚಿಸಿದರು. ಇವರೆಲ್ಲ ದೇವದಾಸಿ ಮನೆತನದವರು.

ಅವರ ನಡುವೆ ನಮ್ಮ ನಂಜನಗೂಡಿನ ಹೆಣ್ಣುಮಗಳು ನಾಗರತ್ನಮ್ಮ. ಹುಟ್ಟಿದ್ದು 1878ರಲ್ಲಿ. ತಂದೆ ಕೈಬಿಟ್ಟರು. ತಾಯಿ ಪುಟ್ಟಲಕ್ಷ್ಮಿ ಮಗಳಿಗೆ ಸಂಗೀತದ ಜೊತೆ ಸಂಸ್ಕೃತ, ಕನ್ನಡ, ತೆಲುಗು ಕಲಿಸಿದರು. ಬೆಂಗಳೂರಿನಲ್ಲಿ ಮುನಿಸ್ವಾಮಪ್ಪನವರ ಪಾಠದಿಂದ ತ್ಯಾಗರಾಜರ ಶಿಷ್ಯಪರಂಪರೆ ಸಿಕ್ಕಿತು. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಮದರಾಸಿಗೆ ಬಂದು ಜಾರ್ಜ್‌ಟೌನಿನಲ್ಲಿ ಮನೆ ಮಾಡಿದರು.

ಬರೀ ಹಾಡಿದ್ದರೆ ಹಾಡುಗಾರ್ತಿ ಎಂದಷ್ಟೇ ನೆನಪಿರುತ್ತಿದ್ದರೇನೋ. 1910ರಲ್ಲಿ ಅವರು ತಂಜಾವೂರಿನ ಆಸ್ಥಾನದ ಮುದ್ದುಪಳನಿ ಎಂಬ ಕವಯಿತ್ರಿಯ 'ರಾಧಿಕಾ ಸಾಂತ್ವನಮು' ಎಂಬ ತೆಲುಗು ಕಾವ್ಯವನ್ನು ಪರಿಷ್ಕರಿಸಿ ಪ್ರಕಟಿಸಿದರು. ಹಳೆಯ ಮುದ್ರಣದಲ್ಲಿ ಬಿಟ್ಟುಬಿಟ್ಟಿದ್ದ ಪದ್ಯಗಳನ್ನೂ ಹುಡುಕಿ ಸೇರಿಸಿದ್ದರು. ಹೆಣ್ಣೊಬ್ಬಳು ಶೃಂಗಾರ ಬರೆದದ್ದು ಅಶ್ಲೀಲವೆಂದು ದೊಡ್ಡವರು ದೂರಿದರು, ಪೊಲೀಸರು ಪ್ರತಿಗಳನ್ನು ವಶಪಡಿಸಿಕೊಂಡರು. ಗಂಡಸರು ಬರೆದ ಶೃಂಗಾರಕ್ಕಿಲ್ಲದ ನಾಚಿಕೆ ಇದಕ್ಕೇಕೆ ಎಂದು ಆಕೆ ವಾದಿಸಿದರು. ನಿಷೇಧ ತೆರವಾದದ್ದು 1947ರಲ್ಲಿ.

ಆಮೇಲೆ ತಿರುವೈಯಾರು. ತ್ಯಾಗರಾಜರ ಸಮಾಧಿ ಪಾಳುಬಿದ್ದಿದೆ ಎಂಬ ಸುದ್ದಿ ಗುರುಗಳಿಂದಲೇ ತಿಳಿದು, ತಮ್ಮ ಗಳಿಕೆಯನ್ನೆಲ್ಲ ಸುರಿದು ಜಾಗ ಕೊಂಡು 1921ರಲ್ಲಿ ಅಡಿಗಲ್ಲು ಹಾಕಿಸಿದರು. 1925ರ ಜನವರಿಯಲ್ಲಿ ಕುಂಭಾಭಿಷೇಕವಾಯಿತು. ವಿಚಿತ್ರವೆಂದರೆ, ಆಕೆಯೇ ಕಟ್ಟಿಸಿದ ಗುಡಿಯ ಮುಂದೆ ಆರಾಧನೆಯಲ್ಲಿ ಹೆಂಗಸರು ಹಾಡುವಂತಿರಲಿಲ್ಲ. ಆಕೆ ಸುಮ್ಮನೆ ಕೂರಲಿಲ್ಲ. ಸಮಾಧಿಯ ಹಿಂಬದಿಯಲ್ಲಿ ಹೆಂಗಸರದ್ದೇ ಬೇರೆ ಆರಾಧನೆ ನಡೆಸಿದರು. 1940ರ ಹೊತ್ತಿಗೆ ಬಣಗಳೆಲ್ಲ ಒಂದಾದವು, ಹೆಂಗಸರೂ ಜೊತೆಗೆ ಕುಳಿತರು.

ಈ ಕಥೆ ಹೇಳುತ್ತಾ ನಾವು ಆರ್ಮೇನಿಯನ್ ಸ್ಟ್ರೀಟಿನ ಗೋಖಲೆ ಹಾಲ್ ಮುಂದೆ ನಿಂತಿದ್ದೆವು. ಆನಿ ಬೆಸೆಂಟ್ ಕಟ್ಟಿಸಿದ ಆ ಸಭಾಂಗಣದಲ್ಲಿ ಹಿಂದೆ ಎಷ್ಟೋ ಕಚೇರಿಗಳು ನಡೆದಿವೆ. ಅಲ್ಲಿ ಹಾಳೆಯ ಮೇಲಿನ ಆ ಗೀಟಿನ ವಿಷಯವನ್ನು ಗೆಳತಿಯರಿಗೆ ಹೇಳಿಬಿಟ್ಟೆ.

ಹುಬ್ಬಳ್ಳಿಯ ಗೆಳತಿ ಒಪ್ಪಲಿಲ್ಲ. "ನೀ ಹೊಡೆದದ್ದs ಬರೋಬರಿ. ನಮ್ಮ ಕಡೆ ಆ ಮಾತಿಗೆ ಅರ್ಥ ಬ್ಯಾರೇನ ಐತಿ. ಬಡವರ ಮನಿ ಹುಡುಗೇರಿಗೆ ಮುತ್ತು ಕಟ್ಟಿ ಬಿಡೂದು. ಅದನ್ನ ಹೊಗಳೂದು ನನಗ ಸೇರೂದಿಲ್ಲ."

ಅವಳ ಮಾತಿನಲ್ಲಿ ಸುಳ್ಳಿಲ್ಲ. ಡಾ. ಮುತ್ತುಲಕ್ಷ್ಮಿ ರೆಡ್ಡಿಯವರು ಹೋರಾಡಿದ್ದೂ ಅದಕ್ಕೇ. ಮದರಾಸಿನಲ್ಲಿ 1947ರಲ್ಲಿ, ಕರ್ನಾಟಕದಲ್ಲಿ 1982ರಲ್ಲಿ ಕಾನೂನು ಬಂತು, ಬರಲೇಬೇಕಿತ್ತು. ಆದರೆ ಪದ್ಧತಿ ಹೋಗುವಾಗ ಅದರೊಳಗಿದ್ದು ವಿದ್ಯೆ ಕಾಪಾಡಿದ ಹೆಂಗಸರ ಹೆಸರೂ ಅದರ ಜೊತೆ ಒರೆಸಿಹೋಯಿತು. ನಾಗರತ್ನಮ್ಮ ತಮ್ಮ ಕಾವ್ಯದ ಮುನ್ನುಡಿಯಲ್ಲಾಗಲೀ ಸಮಾಧಿಯ ಶಾಸನದಲ್ಲಾಗಲೀ ತಾವು ಯಾರೆಂಬುದನ್ನು ಮುಚ್ಚಿಡಲಿಲ್ಲ. ಆಕೆ ಬಚ್ಚಿಡದ್ದನ್ನು ನಾನು ಬಚ್ಚಿಟ್ಟೆ. ಹಾಗೆ ಅಂದಾಗ ಗೆಳತಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾರ ಪೂರಾ ಕಥಿ ಹೇಳು. ಅರ್ಧಾ ಹೇಳಬ್ಯಾಡ" ಎಂದಳು.

ಸಂಗೀತ ಈ ಪೇಟೆ ಬಿಟ್ಟುಹೋದದ್ದು ನಿಧಾನವಾಗಿ. ವಕೀಲರು, ಅಧಿಕಾರಿಗಳು ಮೈಲಾಪುರ, ಟಿ. ನಗರದ ಕಡೆ ಮನೆ ಮಾಡಿದರು. ಮ್ಯೂಸಿಕ್ ಅಕಾಡೆಮಿ 1928ರಲ್ಲಿ ಉದ್ಘಾಟನೆಯಾದದ್ದು ಇಲ್ಲೇ ಎಸ್‌ಪ್ಲನೇಡಿನ ವೈಎಂಸಿಎ ಸಭಾಂಗಣದಲ್ಲಿ, ಬೆಳೆದದ್ದು ಮಾತ್ರ ದಕ್ಷಿಣದಲ್ಲಿ. ಜಗಲಿಯ ಮನೆಗಳು ಗೋಡೌನುಗಳಾದವು. ನಾವು ಸುತ್ತಿದ ಓಣಿಗಳಲ್ಲಿ ಧನಮ್ಮಾಳ್ ಹೆಸರಿನದಾಗಲೀ ನಾಗರತ್ನಮ್ಮನ ಹೆಸರಿನದಾಗಲೀ ಒಂದು ಫಲಕವೂ ನಮ್ಮ ಕಣ್ಣಿಗೆ ಬೀಳಲಿಲ್ಲ.

ನಾಗರತ್ನಮ್ಮ 1952ರ ಮೇ ತಿಂಗಳಲ್ಲಿ ತೀರಿಕೊಂಡರು. ತಿರುವೈಯಾರಿನಲ್ಲಿ ತ್ಯಾಗರಾಜರ ಗುಡಿಗೆ ಎದುರಾಗಿ ಕೈಮುಗಿದು ಕೂತ ಅವರ ಮೂರ್ತಿ ಈಗಲೂ ಇದೆ.

ಬರುವ ಜನವರಿಯಲ್ಲೂ ನಾವು ಸಂಘದ ಹೆಂಗಸರು ಸಾಲಾಗಿ ಕುಳಿತು ಪಂಚರತ್ನ ಹಾಡುತ್ತೇವೆ. ಆ ಚಾಪೆಯ ಮೇಲಿನ ಜಾಗ ನಮಗೆ ತಾನಾಗಿ ಸಿಕ್ಕಿದ್ದಲ್ಲ. ನಿರೂಪಣೆ ಮತ್ತೆ ನನ್ನದೇ. ಈ ಸಲ ಹಾಳೆಯಲ್ಲಿ ಆ ಪದ ಇರುತ್ತದೆ, ಅದರ ಹಿಂದುಮುಂದಿನ ಕಥೆಯೂ ಇರುತ್ತದೆ. ಮಕ್ಕಳು ಅರ್ಥ ಕೇಳಿದರೆ, ಕೂರಿಸಿಕೊಂಡು ಹೇಳೋಣ.