ಮೋಟಾರು ಕಾರುಗಳ ಕಡ್ಡಾಯ ವಿಮೆ ಹಾಗೂ ವಿಮಾ ಕಂತು: ಹಾನಗಲ್, ಶಿಗ್ಗಾಂವ, ಸವಣೂರು ಮತ್ತು ಹಿರೇಕೆರೂರು ತಾಲ್ಲೂಕುಗಳ ವಾಹನ ಮಾಲೀಕರಿಗೆ ಮಾಹಿತಿ

ಮೋಟಾರು ವಾಹನಗಳ ಕಾಯ್ದೆ, 1988ರ ಕಲಂ 146ರನ್ವಯ ಸಾರ್ವಜನಿಕ ಸ್ಥಳದಲ್ಲಿ ಬಳಸುವ ವಾಹನಕ್ಕೆ ಮೂರನೇ ವ್ಯಕ್ತಿಯ ವಿಮೆ, ಅಂದರೆ ಥರ್ಡ್ ಪಾರ್ಟಿ ವಿಮೆ, ಕಡ್ಡಾಯವಾಗಿರುತ್ತದೆ. ಹೆದ್ದಾರಿಗೆ ಬಾರದೆ ಗ್ರಾಮದ ರಸ್ತೆಯಲ್ಲಿ ಮಾತ್ರ ಸಂಚರಿಸುವ ಖಾಸಗಿ ಕಾರಿಗೂ ಇದರಿಂದ ವಿನಾಯಿತಿ ಇರುವುದಿಲ್ಲ.

1. ಕಡ್ಡಾಯ ವಿಮೆಯ ವ್ಯಾಪ್ತಿ

ವಿಮೆ ಮಾಡಿಸಿದ ಕಾರಿನಿಂದ ಅನ್ಯರಿಗೆ ಮರಣ ಅಥವಾ ಗಾಯ ಸಂಭವಿಸಿದಲ್ಲಿ, ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯು ನಿಗದಿಪಡಿಸುವ ಪರಿಹಾರವನ್ನು ವಿಮಾ ಕಂಪನಿಯು ಪಾವತಿಸುತ್ತದೆ. ಅನ್ಯರ ಆಸ್ತಿಗೆ ಆಗುವ ಹಾನಿಗೆ ಸಾಮಾನ್ಯವಾಗಿ ರೂ. 7.5 ಲಕ್ಷದವರೆಗೆ ರಕ್ಷಣೆ ಇರುತ್ತದೆ.

2. ಕಡ್ಡಾಯ ವಿಮೆಯ ಕಂತು

ಈ ಕಂತನ್ನು ಕೇಂದ್ರ ಸರ್ಕಾರವು ಅಧಿಸೂಚನೆಯ ಮೂಲಕ ನಿಗದಿಪಡಿಸುತ್ತದೆ. ಆದ್ದರಿಂದ ಹಾನಗಲ್ಲಿನ ಕಾರಿಗೂ ಬೆಂಗಳೂರಿನ ಕಾರಿಗೂ ಕಂತು ಒಂದೇ ಆಗಿರುತ್ತದೆ. 2022ರ ಜೂನ್ 1ರಿಂದ ಜಾರಿಗೆ ಬಂದ ವಾರ್ಷಿಕ ದರಗಳು ಈ ಕೆಳಕಂಡಂತಿವೆ:

- 1000 ಸಿ.ಸಿ.ವರೆಗೆ: ರೂ. 2,094
- 1000 ಸಿ.ಸಿ.ಗಿಂತ ಹೆಚ್ಚು, 1500 ಸಿ.ಸಿ.ವರೆಗೆ: ರೂ. 3,416
- 1500 ಸಿ.ಸಿ.ಗಿಂತ ಹೆಚ್ಚು: ರೂ. 7,897

ಸರಕು ಮತ್ತು ಸೇವಾ ತೆರಿಗೆ ಪ್ರತ್ಯೇಕ. ಹೊಸ ಕಾರಿಗೆ ಮೂರು ವರ್ಷಗಳ ಕಡ್ಡಾಯ ವಿಮೆಯನ್ನು ಒಂದೇ ಬಾರಿಗೆ ಪಡೆಯತಕ್ಕದ್ದು. ಸದರಿ ಅಧಿಸೂಚನೆಯಂತೆ ಇದರ ಕಂತು ಕ್ರಮವಾಗಿ ರೂ. 6,521, ರೂ. 10,640 ಮತ್ತು ರೂ. 24,596. ದರ ಪರಿಷ್ಕರಣೆಯಾದಲ್ಲಿ ಪರಿಷ್ಕೃತ ದರವೇ ಅನ್ವಯಿಸುತ್ತದೆ.

3. ಸಮಗ್ರ ವಿಮೆಯ ಕಂತು

ಸ್ವಂತ ಕಾರಿನ ಹಾನಿ ಹಾಗೂ ಕಳವಿಗೆ ರಕ್ಷಣೆ ನೀಡುವ ಸಮಗ್ರ ವಿಮೆಯನ್ನು ಕಾಯ್ದೆಯು ಕಡ್ಡಾಯಗೊಳಿಸಿಲ್ಲ. ಇದರ ಹೆಚ್ಚುವರಿ ಕಂತನ್ನು ಆಯಾ ಕಂಪನಿಯು ಕಾರಿನ ಘೋಷಿತ ಮೌಲ್ಯ, ವಯಸ್ಸು, ಎಂಜಿನ್ ಸಾಮರ್ಥ್ಯ ಹಾಗೂ ನೋಂದಣಿಯ ಸ್ಥಳವನ್ನು ಆಧರಿಸಿ ನಿರ್ಧರಿಸುತ್ತದೆ. ಆದುದರಿಂದ ಎರಡು-ಮೂರು ಕಂಪನಿಗಳ ದರಗಳನ್ನು ಹೋಲಿಸಿ ನೋಡುವುದು ಸೂಕ್ತ. ಪರಿಹಾರ ಕೋರದೆ ವರ್ಷ ಪೂರೈಸಿದವರಿಗೆ ಈ ಭಾಗದ ಕಂತಿನಲ್ಲಿ ಶೇ. 20ರಿಂದ ಆರಂಭಿಸಿ ಐದು ವರ್ಷಗಳಲ್ಲಿ ಶೇ. 50ರವರೆಗೆ ನೋ ಕ್ಲೈಮ್ ಬೋನಸ್ ದೊರೆಯುತ್ತದೆ. ಅವಧಿ ಮುಗಿದು 90 ದಿನಗಳೊಳಗೆ ನವೀಕರಿಸದಿದ್ದಲ್ಲಿ ಈ ರಿಯಾಯಿತಿ ರದ್ದಾಗುತ್ತದೆ.

4. ಕನಿಷ್ಠ ವಿಮೆಗೆ ಒಳಪಡದ ಸಂದರ್ಭಗಳು

- ಸ್ವಂತ ಕಾರಿಗೆ ಆಗುವ ಹಾನಿ.
- ಖಾಸಗಿ ಕಾರಿನೊಳಗೆ ಉಚಿತವಾಗಿ ಪ್ರಯಾಣಿಸುವ ಬಂಧುಗಳು ಹಾಗೂ ಸ್ನೇಹಿತರು. ಇವರಿಗಾಗಿ ಹೆಚ್ಚುವರಿ ಕಂತು ಪಾವತಿಸಬೇಕಾಗುತ್ತದೆ.
- ಕಾರು ಚಲಾಯಿಸುವ ಮಾಲೀಕರು. ಇವರಿಗೆ ರೂ. 15 ಲಕ್ಷದ ವೈಯಕ್ತಿಕ ಅಪಘಾತ ವಿಮೆ ಪ್ರತ್ಯೇಕವಾಗಿರುತ್ತದೆ.

ಖಾಸಗಿ ಕಾರನ್ನು ಬಾಡಿಗೆಗೆ ಓಡಿಸುವುದು ಪಾಲಿಸಿಯ ಷರತ್ತಿನ ಉಲ್ಲಂಘನೆಯಾಗುತ್ತದೆ. ಜಾತ್ರೆ, ಮದುವೆ ಮುಂತಾದ ಸಂದರ್ಭಗಳಲ್ಲಿ ಸರಕು ವಾಹನದಲ್ಲಿ ಕರೆದೊಯ್ಯುವ ಜನರಿಗೂ ಕಡ್ಡಾಯ ವಿಮೆಯ ರಕ್ಷಣೆ ದೊರೆಯುವುದಿಲ್ಲ.

5. ವಿಮೆ ಇಲ್ಲದಿದ್ದಲ್ಲಿ

ಕಲಂ 196ರನ್ವಯ ಮೊದಲ ಅಪರಾಧಕ್ಕೆ ರೂ. 2,000 ಹಾಗೂ ನಂತರದ ಅಪರಾಧಕ್ಕೆ ರೂ. 4,000 ದಂಡ ಅಥವಾ ಮೂರು ತಿಂಗಳವರೆಗೆ ಕಾರಾಗೃಹವಾಸ ಅಥವಾ ಇವೆರಡನ್ನೂ ವಿಧಿಸಬಹುದು. ದಂಡಕ್ಕಿಂತ ಹೆಚ್ಚಿನ ಹೊಣೆಯು ಅಪಘಾತದ ಪರಿಹಾರದ್ದಾಗಿರುತ್ತದೆ. ಪರಿಹಾರದ ಮೊತ್ತವನ್ನು ಮಾಲೀಕರೇ ಭರಿಸಬೇಕಾಗುತ್ತದೆ. ಪಾವತಿಸದಿದ್ದಲ್ಲಿ ಕಲಂ 174ರಂತೆ ಅದನ್ನು ಭೂಕಂದಾಯದ ಬಾಕಿಯ ರೀತಿಯಲ್ಲಿ ವಸೂಲು ಮಾಡಲು ಅವಕಾಶವಿದೆ. ಒಂದು ದಿನದ ಮಟ್ಟಿಗೆ ವಿಮೆ ಕಡಿದುಹೋಗಿದ್ದರೂ ಆ ದಿನದ ಅಪಘಾತಕ್ಕೆ ರಕ್ಷಣೆ ಇರುವುದಿಲ್ಲ.

6. ಹಳೆಯ ಕಾರು ಖರೀದಿಸುವವರಿಗೆ

ವರ್ಗಾವಣೆಯಾದ ದಿನಾಂಕದಿಂದ 14 ದಿನಗಳೊಳಗೆ ಪಾಲಿಸಿಯನ್ನು ತಮ್ಮ ಹೆಸರಿಗೆ ಬದಲಾಯಿಸಲು ಖರೀದಿದಾರರು ವಿಮಾ ಕಂಪನಿಗೆ ಅರ್ಜಿ ಸಲ್ಲಿಸತಕ್ಕದ್ದು. ನೋ ಕ್ಲೈಮ್ ಬೋನಸ್ ಹಿಂದಿನ ಮಾಲೀಕರದ್ದಾಗಿದ್ದು, ಕಾರಿನೊಂದಿಗೆ ವರ್ಗಾವಣೆಯಾಗುವುದಿಲ್ಲ.

7. ದಾಖಲೆ ಮತ್ತು ದೂರು

ತಪಾಸಣೆಯ ವೇಳೆ ಡಿಜಿಲಾಕರ್ ಅಥವಾ ಎಂ-ಪರಿವಾಹನ್‌ನಲ್ಲಿರುವ ವಿಮಾ ಪ್ರಮಾಣಪತ್ರವನ್ನೂ ಹಾಜರುಪಡಿಸಬಹುದು. ವಿಮಾ ಕಂಪನಿಯು ದೂರಿಗೆ ಸ್ಪಂದಿಸದಿದ್ದಲ್ಲಿ ಭಾರತೀಯ ವಿಮಾ ನಿಯಂತ್ರಣ ಮತ್ತು ಅಭಿವೃದ್ಧಿ ಪ್ರಾಧಿಕಾರದ ಬಿಮಾ ಭರೋಸಾ ವ್ಯವಸ್ಥೆಯಲ್ಲಿ, ದೂರವಾಣಿ ಸಂಖ್ಯೆ 155255, ದೂರು ದಾಖಲಿಸಬಹುದು. ತದನಂತರ ಬೆಂಗಳೂರಿನ ವಿಮಾ ಲೋಕಪಾಲರಿಗೆ ಮನವಿ ಸಲ್ಲಿಸಬಹುದಾಗಿದೆ.