ಮೋಟರ್ ಬರುವ ಮುಂಚಿನ ಗುಳ್ಳೆ

ನಮ್ಮ ಅಂಗಡಿಗೆ ಮೀನಿನ ತೊಟ್ಟಿ ಕೊಳ್ಳಲು ಬಂದವರಿಗೆ ಗಾಳಿ ಮೋಟರ್ ಕಟ್ಟಿಕೊಡುವಾಗ ನಾನು ಲಂಡನ್ನಿನ ಒಬ್ಬ ಮನೆಗೆಲಸದಾಕೆಯ ಕತೆ ಹೇಳುತ್ತೇನೆ. 1846ರಲ್ಲಿ ಆನಾ ಥಿನ್ ಎಂಬಾಕೆ ಟಾರ್ಕೀ ಕಡಲತೀರದಿಂದ ಜೀವಂತ ಹವಳಗಳನ್ನು ಲಂಡನ್ನಿಗೆ ತಂದರು. ಸಮುದ್ರದ ಹೊಸ ನೀರು ದಿನವೂ ಎಲ್ಲಿ ಸಿಗಬೇಕು? ಗಾಳಿ ಬೆರೆಯಲೆಂದು ಇದ್ದ ನೀರನ್ನೇ ತೆರೆದ ಕಿಟಕಿಯ ಮುಂದೆ ಪಾತ್ರೆಯಿಂದ ಪಾತ್ರೆಗೆ ಎತ್ತಿ ಸುರಿಯಬೇಕಾಯಿತು. ಆ ಕೆಲಸ ಬಿದ್ದದ್ದು ಮನೆಗೆಲಸದಾಕೆಯ ಪಾಲಿಗೆ. ಅವಳ ಹೆಸರು ಯಾರಿಗೆ ಬೇಕಿತ್ತು!

ಮುಂದೆ ಥಿನ್ ಪಾತ್ರೆಗೆ ಕಡಲಪಾಚಿ ಸೇರಿಸಿದರು. ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ ಗೋಲ್ಡ್‌ಫಿಶ್, ಜಲಸಸ್ಯ, ಬಸವನಹುಳುಗಳನ್ನು ಒಟ್ಟಿಗೆ ಸಾಕಿ 1850ರಲ್ಲಿ ವರದಿ ಪ್ರಕಟಿಸಿದರು. ಬೆಳಕಿದ್ದರೆ ಗಿಡವೇ ಆಮ್ಲಜನಕ ಕೊಡುತ್ತದೆ ಎಂಬ ಭರವಸೆಯ ಮೇಲೆ ಹವ್ಯಾಸ ಹಬ್ಬಿತು. 1853ರಲ್ಲಿ ಲಂಡನ್ ಮೃಗಾಲಯವೇ ಮೀನುಮನೆ ತೆರೆಯಿತು. 1871ರ ಕ್ರಿಸ್ಟಲ್ ಪ್ಯಾಲೇಸ್ ಅಕ್ವೇರಿಯಂನಲ್ಲಿ ನೀರು ಹರಿಸಲು ಉಗಿಯಂತ್ರಗಳೇ ಇದ್ದವು.

ಮನೆಗೆ ಆ ಸುಖ ತಂದದ್ದು ಕರೆಂಟು. ಇವತ್ತಿನ ಗಾಳಿ ಮೋಟರಿನ ಡಬ್ಬಿಯೊಳಗೆ ವಿದ್ಯುತ್ಕಾಂತವೊಂದು ಆಯಸ್ಕಾಂತ ಕಟ್ಟಿದ ಪಟ್ಟಿಯನ್ನು ಅಲ್ಲಾಡಿಸುತ್ತದೆ, ಪಟ್ಟಿ ರಬ್ಬರ್ ಪೊರೆಯನ್ನು ಒತ್ತುತ್ತದೆ. ಗಾಳಿ ಪೈಪಿನಲ್ಲಿ ಇಳಿದು ಏರ್‌ಸ್ಟೋನ್ ಎಂಬ ಸಣ್ಣ ರಂಧ್ರಗಳ ಕಲ್ಲಿನಿಂದ ಗುಳ್ಳೆಯಾಗಿ ಏಳುತ್ತದೆ. ಗುಳ್ಳೆ ಕೆಳಗಿನ ನೀರನ್ನು ಮೇಲಕ್ಕೆ ತರುತ್ತದೆ. ಆಮ್ಲಜನಕ ಹೆಚ್ಚಾಗಿ ಬೆರೆಯುವುದು ಅಲ್ಲಿ, ಕದಡಿದ ಮೇಲ್ಮೈಯಲ್ಲಿ. ಆ ಮನೆಗೆಲಸದಾಕೆಯ ಕೈ ಮಾಡುತ್ತಿದ್ದದ್ದೂ ಇದೇ ಕೆಲಸ.

ಮೋಟರನ್ನು ಮಾತ್ರ ನೀರಿನ ಮಟ್ಟಕ್ಕಿಂತ ಮೇಲೆ ಇಡಿ, ಇಲ್ಲವೇ ಪೈಪಿಗೆ ಚೆಕ್ ವಾಲ್ವ್ ಹಾಕಿ. ಹಾಗೆ ಮಾಡದಿದ್ದರೆ, ಕರೆಂಟು ಹೋದಾಗ ನೀರು ಪೈಪಿನಲ್ಲಿ ಹಿಂದಕ್ಕೆ ಹರಿದು ಮೋಟರಿಗೇ ನುಗ್ಗಬಹುದು.