ನೆಲದೊಳಗಿನ ಸದ್ದು

ಭಾಲ್ಕಿಯ ನಮ್ಮ ಹಳೆಯ ಮನೆಯ ಅಡುಗೆಮನೆಯಲ್ಲಿ ಗೋಡೆಗೆ ಹೊಡೆದ ಮೂರು ಸಾಲು ಹಲಗೆಗಳಿದ್ದವು. ನಮ್ಮತ್ತೆಯವರ ಇಡೀ ಸಂಸಾರ ಆ ಹಲಗೆಗಳ ಮೇಲಿತ್ತು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ನಾಲ್ಕಕ್ಕೆ ಇನ್ನೂ ನಾಲ್ಕು ನಿಮಿಷ ಇರುವಾಗ, ನನ್ನನ್ನು ಎಬ್ಬಿಸಿದ್ದು ಅವೇ. ಹಿಂದಿನ ರಾತ್ರಿ ಗಣಪತಿ ಕಳಿಸಿ ಊರೆಲ್ಲ ತಡವಾಗಿ ಮಲಗಿತ್ತು. ಸ್ಟೀಲಿನ ತಾಟುಗಳು ಗಲಗಲ ಎಂದವು. ತೂಗುಹಾಕಿದ್ದ ಕಂದೀಲು ನಿಧಾನವಾಗಿ ಅತ್ತಿತ್ತ ತೂಗಿತು. ನೀರು ತುಂಬಿದ ಹಿತ್ತಾಳೆ ಕೊಡ ಮಾತ್ರ ಕದಲಲಿಲ್ಲ. ಎಂಟು ತಿಂಗಳ ಮಗಳನ್ನು ಎದೆಗವಚಿಕೊಂಡು ಅಂಗಳಕ್ಕೆ ಓಡಿದೆ.

ನಮ್ಮ ಮನೆ ನಿಂತಿತ್ತು. ಬೆಳಗಾದ ಮೇಲೆ ರೇಡಿಯೋ ಹೇಳಿತು: ಪಶ್ಚಿಮಕ್ಕೆ ನೇರ ಹೋದರೆ ಸುಮಾರು 65 ಕಿಲೋಮೀಟರು ದೂರದ, ಲಾತೂರು ಜಿಲ್ಲೆಯ ಕಿಲ್ಲಾರಿ ನೆಲಸಮವಾಗಿದೆ. ಭೂಕಂಪದ ಪ್ರಮಾಣ 6.2 ಎಂದು ಆಮೇಲೆ ಲೆಕ್ಕ ಹಾಕಿದರು. ಸತ್ತವರು ಹತ್ತು ಸಾವಿರದ ಹತ್ತಿರ. ಅವರಲ್ಲಿ ನಮ್ಮತ್ತೆಯ ತಂಗಿಯೂ ಒಬ್ಬರು. ನಾವು ಅವರನ್ನು ಸಣ್ಣತ್ತೆ ಅನ್ನುತ್ತಿದ್ದೆವು.

ಸಣ್ಣತ್ತೆ ಹಿಂದಿನ ವರ್ಷ ದೀಪಾವಳಿಗೆ ಬಂದಿದ್ದರು. 1992ರ ಅಕ್ಟೋಬರಿನಲ್ಲಿ ಕಿಲ್ಲಾರಿ ಸೀಮೆಯಲ್ಲಿ ಸಣ್ಣ ಕಂಪನಗಳು ಮೇಲಿಂದ ಮೇಲೆ ಆಗಿದ್ದವು. "ನೆಲದಾಗ ಗುಡುಗಿದಂಗ ಆಗ್ತದವ್ವಾ. ಒಳಗ ಮಲಗಲಿಕ್ಕೆ ಅಂಜಿಕಿ ಆಗ್ತದ" ಎಂದು ನಮ್ಮ ಅಂಗಳದಲ್ಲೇ ಹಾಸಿಕೊಂಡು ಮಲಗಿದರು. ನಾನಾಗ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವ ಮಾಸ್ತರಿಣಿ. ದಖ್ಖನ್ ಪ್ರಸ್ಥಭೂಮಿ ಗಟ್ಟಿ ಕಲ್ಲಿನದು, ಇಲ್ಲಿ ದೊಡ್ಡ ಭೂಕಂಪ ಆಗುವುದಿಲ್ಲ ಎಂದು ಬೀದರದಲ್ಲಿ ಓದಿದ ಪಾಠವನ್ನೇ ಒಪ್ಪಿಸಿ ಧೈರ್ಯ ಹೇಳಿದೆ. ಅವರು ನಂಬಿ ಹೋದರು. ಆ ಪಾಠ ನನ್ನೊಬ್ಬಳದಲ್ಲ. ಆಗಿನ ಭೂಕಂಪ ನಕ್ಷೆಯಲ್ಲೂ ಕಿಲ್ಲಾರಿ ಇದ್ದದ್ದು ಎಲ್ಲಕ್ಕಿಂತ ಕಡಿಮೆ ಅಪಾಯದ ಒಂದನೇ ವಲಯದಲ್ಲಿ. 2002ರಲ್ಲಿ ಆ ವಲಯವನ್ನೇ ನಕ್ಷೆಯಿಂದ ತೆಗೆದರು. ಆದರೂ ಬಾಯಿಬಿಟ್ಟು ಹೇಳಿದವಳು ನಾನಲ್ಲವೇ?

ಅಂದು ಎದೆಗವಚಿಕೊಂಡ ಮಗಳು ಬೆಳೆದು ಇಲೆಕ್ಟ್ರಾನಿಕ್ಸ್ ಓದಿದಳು. ಒಂದು ರಜೆಯಲ್ಲಿ ಪುಸ್ತಕ ಹರಡಿಕೊಂಡು "ಅಮ್ಮಾ, ಈ ಫೂರಿಯೇ ತಲೆಗೆ ಹೋಗ್ತಿಲ್ಲ" ಎಂದಳು. ಅವಳಿಗೆ ಹೇಳಿಕೊಡಲು ಕೂತು ನಾನೇ ಕಲಿತೆ.

ಜೋಸೆಫ್ ಫೂರಿಯೇ 1768ರಲ್ಲಿ ಫ್ರಾನ್ಸಿನಲ್ಲಿ ಹುಟ್ಟಿದ ದರ್ಜಿಯ ಮಗ. ಹತ್ತು ತುಂಬುವುದರೊಳಗೆ ತಾಯಿ ತಂದೆ ಇಬ್ಬರನ್ನೂ ಕಳೆದುಕೊಂಡವ. ಬಿಸಿ ಒಂದು ವಸ್ತುವಿನಲ್ಲಿ ಹೇಗೆ ಹರಡುತ್ತದೆ ಎಂದು ಲೆಕ್ಕ ಹಾಕುತ್ತ 1807ರಲ್ಲಿ ಅವನೊಂದು ಮಾತು ಮುಂದಿಟ್ಟ: ಎಷ್ಟೇ ಅಂಕುಡೊಂಕಾದ ಏರಿಳಿತವಿರಲಿ, ಅದನ್ನು ನಯವಾದ ಅಲೆಗಳಾಗಿ ಬಿಡಿಸಬಹುದು, ಕೆಲವು ನಿಧಾನದವು, ಕೆಲವು ಚುರುಕಿನವು, ಎಲ್ಲ ಕೂಡಿಸಿದರೆ ಮತ್ತೆ ಮೊದಲಿನದೇ. ಲಗ್ರಾಂಜ್‌ನಂಥ ಹಿರಿಯ ಗಣಿತಜ್ಞ ಒಪ್ಪಲಿಲ್ಲ. ಪುಸ್ತಕ ಹೊರಬರಲು 1822 ಆಯಿತು.

ಔರಾದಿನ ನನ್ನ ತವರಿನಲ್ಲಿ ಅವ್ವನ ಬಳಿ ಬೇರೆ ಬೇರೆ ಕಣ್ಣಿನ ಜರಡಿಗಳಿದ್ದವು. ಒಂದರಲ್ಲಿ ಕಾಳು ನಿಂತರೆ ಒಂದರಲ್ಲಿ ನುಚ್ಚು ನಿಲ್ಲುತ್ತಿತ್ತು, ಹಿಟ್ಟು ಕೆಳಗಿಳಿಯುತ್ತಿತ್ತು. ಫೂರಿಯೇ ಕೊಟ್ಟದ್ದೂ ಅಂಥ ಜರಡಿಯೇ, ಅಲುಗಾಟಕ್ಕೆ. ಯಾವ ವೇಗದ ಅಲೆ ಎಷ್ಟಿದೆ ಎಂದು ಅದು ಬೇರೆ ಮಾಡಿ ತೋರಿಸುತ್ತದೆ. ನಮ್ಮ ಹಲಗೆಯ ಪಾತ್ರೆಗಳೂ ಅದನ್ನೇ ಮಾಡಿದ್ದವು. ಪ್ರತಿ ವಸ್ತುವಿಗೂ ತಾನು ಸಹಜವಾಗಿ ಅಲುಗುವ ಒಂದು ಲಯ ಇರುತ್ತದೆ. ಹಗುರ ತಾಟಿಗೆ ಚುರುಕು ಅಲೆ ತಾಗಿತು, ಕಂದೀಲಿಗೆ ನಿಧಾನದ್ದು.

ಆದರೆ ಈ ಜರಡಿ ಹಿಡಿಯುವುದು ಬಹಳ ಕಾಲ ಬೆವರಿಳಿಸುವ ಕೆಲಸವಾಗಿತ್ತು. 1,024 ಅಂಕಿಗಳ ಒಂದು ದಾಖಲೆಗೆ ಹತ್ತು ಲಕ್ಷಕ್ಕೂ ಮಿಕ್ಕಿದ ಗುಣಾಕಾರ ಬೇಕು. 1965ರಲ್ಲಿ ಅಮೆರಿಕದ ಕೂಲಿ ಮತ್ತು ಟ್ಯೂಕಿ ಎಂಬಿಬ್ಬರು ಅದನ್ನು ಸುಮಾರು ಹತ್ತು ಸಾವಿರಕ್ಕೆ ಇಳಿಸುವ ಉಪಾಯ ಪ್ರಕಟಿಸಿದರು. ಗೌಸ್ ಎಂಬ ಗಣಿತಜ್ಞ ಇದೇ ಉಪಾಯವನ್ನು 1805ರ ಸುಮಾರಿಗೇ ಬರೆದಿಟ್ಟಿದ್ದ, ಯಾರೂ ಗಮನಿಸಿರಲಿಲ್ಲ. ಈ ಕೆಲಸ ಆಗಲೇಬೇಕೆಂದು ಬೆನ್ನು ಹತ್ತಿದ ವಿಜ್ಞಾನಿ ರಿಚರ್ಡ್ ಗಾರ್ವಿನ್. ಸೋವಿಯತ್ ದೇಶ ನೆಲದೊಳಗೆ ಸಿಡಿಸುವ ಅಣುಬಾಂಬನ್ನು ದೂರದಿಂದಲೇ ಗುರುತಿಸಬೇಕೆಂಬುದು ಅವರ ಮನಸ್ಸಿನಲ್ಲಿತ್ತು.

ಅದೇ 1965ರಲ್ಲಿ, ಅದೇ ಚಿಂತೆಯಿಂದ, ನಮ್ಮ ಕರ್ನಾಟಕದ ಗೌರಿಬಿದನೂರಿನಲ್ಲೂ ಒಂದು ಕೇಂದ್ರ ಎದ್ದಿತು. ಭಾಭಾ ಅಣುಶಕ್ತಿ ಸಂಸ್ಥೆಯವರು ಬ್ರಿಟನ್ನಿನ ನೆರವಿನಿಂದ ಎರಡು ತೋಳುಗಳ ಉದ್ದಕ್ಕೆ, ಕಾಟಕೋನದ ಹಾಗೆ, ಕಂಪನಮಾಪಕಗಳನ್ನು ಹೂಳಿದರು. ಒಂದೇ ಸಾಲದೇ, ಅಷ್ಟೊಂದು ಯಾಕೆ? ಭಜನೆಯಲ್ಲಿ ಒಬ್ಬರ ಧ್ವನಿ ಬೀದಿಯ ಗದ್ದಲದಲ್ಲಿ ಮುಳುಗುತ್ತದೆ. ಎಲ್ಲರೂ ತಾಳಕ್ಕೆ ಸರಿಯಾಗಿ ಕೂಡಿ ಹಾಡಿದರೆ ಕೇಳುತ್ತದೆ. ಅಲೆ ಒಂದೊಂದು ಮಾಪಕಕ್ಕೂ ತಲುಪುವ ಹೊತ್ತಿನ ವ್ಯತ್ಯಾಸವನ್ನು ಸರಿಹೊಂದಿಸಿ ಕೂಡಿಸಿದರೆ ಲಾರಿ, ಗಾಳಿಗಳ ಗದ್ದಲ ತಗ್ಗಿ ದೂರದ ಕಂಪನ ಮೇಲೇಳುತ್ತದೆ. ಯಾವ ದಿಕ್ಕಿನಿಂದ ಬಂತೆಂಬುದೂ ತಿಳಿಯುತ್ತದೆ. ಕಿಲ್ಲಾರಿಯಿಂದ ಗೌರಿಬಿದನೂರು ಸುಮಾರು 500 ಕಿಲೋಮೀಟರು. ಮೊದಲ ಅಲೆ ಅಷ್ಟು ದೂರ ಸಾಗಲು ಒಂದು ನಿಮಿಷದ ಆಸುಪಾಸು ಸಾಕು. ನಾನು ಅಂಗಳದಲ್ಲಿ ಮಗುವಿನ ಮೈ ತಡವಿ ನೋಡುವಷ್ಟರಲ್ಲಿ ಅದು ಅಲ್ಲಿಗೆ ಮುಟ್ಟಿರಬೇಕು.

ಇಷ್ಟೆಲ್ಲ ಕಲಿತ ಮೇಲೆ ಮಗಳನ್ನು ಕೇಳಿದೆ: "ಸಣ್ಣತ್ತೆ ಕೇಳಿದ ಸದ್ದನ್ನ ಜರಡಿ ಹಿಡಿದಿದ್ರೆ ಮುಂದಿನದು ಗೊತ್ತಾಗ್ತಿತ್ತಾ?"

"ಇಲ್ಲಮ್ಮಾ" ಎಂದಳು. "ಎಲ್ಲಿ ಆಯಿತು, ಎಷ್ಟು ಆಯಿತು ಅಂತ ಹೇಳಬಹುದು. ಯಾವಾಗ ಆಗ್ತದ ಅಂತ ಇವತ್ತಿಗೂ ಯಾರೂ ಹೇಳಲಾರರು. ಸಣ್ಣ ಕಂಪನ ಎಷ್ಟೋ ಕಡೆ ಬಂದು ಸುಮ್ಮನಾಗ್ತಾವ."

ನನಗೆ ಸಮಾಧಾನವಾಗಲಿ ಎಂದು ಹೇಳಿದಳೋ ಏನೋ. ನಿಜವಂತೂ ಹೌದು. ಆದರೆ ಇನ್ನೊಂದು ನಿಜವೂ ಇದೆ. ಕಂಪನದ ನೆತ್ತಿಯ ಊರುಗಳಲ್ಲಿ ಚುರುಕು ಅಲೆಗಳ ಜೋರು ಹೆಚ್ಚು; ದೂರ ಸಾಗಿದಷ್ಟೂ ಅವೇ ಮೊದಲು ಸವೆಯುತ್ತವೆ. ಗಿಡ್ಡ ಕಲ್ಲುಮನೆಗಳನ್ನು ಬಲವಾಗಿ ಅಲುಗಿಸುವುದೂ ಅವೇ. ಕಿಲ್ಲಾರಿಯ ಮನೆಗಳಿಗೆ ಮಣ್ಣಿನಲ್ಲಿ ಕಟ್ಟಿದ ದಪ್ಪ ಕಲ್ಲುಗೋಡೆ, ಮೇಲೆ ಭಾರದ ಮಣ್ಣಿನ ಮಾಳಿಗೆ. ಬಿಸಿಲಿಗೆ ತಂಪು, ಚಳಿಗೆ ಬೆಚ್ಚಗೆ ಎಂದು ಅಜ್ಜ ಮುತ್ತಜ್ಜರು ಕಟ್ಟಿದ್ದು. ಮಲಗಿದ್ದವರ ಮೇಲೆ ಬಿದ್ದದ್ದು ಅದೇ. ದಿನ ಗೊತ್ತಿಲ್ಲದಿದ್ದರೂ ಗೋಡೆ ಗಟ್ಟಿ ಮಾಡಬಹುದಿತ್ತು. ಅಂಜಿಕೆ ಆಗುತ್ತದೆ ಎಂದವರನ್ನು ಇನ್ನಷ್ಟು ದಿನ ಅಂಗಳದಲ್ಲಿ ಮಲಗಲು ಬಿಡಬಹುದಿತ್ತು.

ಮುಂದೆ ಬೀದರದಲ್ಲಿ ನಾವು ಮನೆ ಕಟ್ಟಿಸುವಾಗ, ಬಾಗಿಲು ಕಿಟಕಿಗಳ ಮೇಲೆ ಎಲ್ಲ ಗೋಡೆಗಳನ್ನೂ ಸುತ್ತಿ ಬಿಗಿಯುವ ಹಾಗೆ ಕಬ್ಬಿಣ ಹಾಕಿದ ಕಾಂಕ್ರೀಟಿನ ಪಟ್ಟಿ ಬೇಕೆಂದು ಹಟ ಹಿಡಿದೆ. ಗೌಂಡಿ ನಕ್ಕ: "ನಮ್ಮ ಕಡಿ ಎಲ್ಲಿ ಭೂಕಂಪ ಆಗ್ತದರೀ ಅಕ್ಕಾರ? ಸುಮ್ಮನ ಖರ್ಚು."

ಒಂದು ಕಾಲಕ್ಕೆ ನಾನೇ ಆಡಿದ ಮಾತು ಅದು. ನಗಲು ಆಗಲಿಲ್ಲ. "ಆಗಲಿ, ಖರ್ಚು ನಂದು" ಎಂದೆ. ಅತ್ತೆ ಅಲ್ಲೇ ಕಲ್ಲಿನ ಮೇಲೆ ಕೂತಿದ್ದರು. ಪಟ್ಟಿ ನಾಲ್ಕೂ ಗೋಡೆ ಸುತ್ತಿ ಕೂಡುವವರೆಗೆ ಅವರು ಎದ್ದು ಹೋಗಲಿಲ್ಲ.